ಕೈದಾಳದ ಗುಡಿ ಕಟ್ಟಿದವರು ಯಾರು?

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಗೂಳೂರಿನ ಕಡೆ ಹೊರಟರೆ ಸಿಗುವ ಕೈದಾಳಕ್ಕೆ ಕನ್ನಡ ನಾಡಿನಲ್ಲಿ ಇರುವುದು ಒಂದೇ ಗುರುತು: ಅದು ಜಕಣಾಚಾರಿಯ ಊರು. ಕಥೆ ಕೇಳದವರು ಕಡಿಮೆ. ಹೆಂಡತಿಯನ್ನು ಬಿಟ್ಟು ಹೊರಟ ಶಿಲ್ಪಿ ದೇಶಾಂತರ ತಿರುಗಿ ಬೇಲೂರು ಸೇರುತ್ತಾನೆ. ಅವನು ಕಡೆದ ಮೂರ್ತಿಯಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳುತ್ತಾನೆ. ಗಂಧ ಬಳಿದು ನೋಡಿದರೆ ಹೊಕ್ಕುಳಿನ ಬಳಿ ಮಾತ್ರ ಒಣಗುವುದಿಲ್ಲ. ಒಡೆದಾಗ ಒಳಗೆ ಮರಳು, ನೀರು, ಒಂದು ಕಪ್ಪೆ. ದೋಷ ತೋರಿಸಿದರೆ ಕೈ ಕತ್ತರಿಸಿಕೊಳ್ಳುವೆನೆಂದು ಆಡಿದ ಮಾತಿಗೆ ಕಟ್ಟುಬಿದ್ದು ಬಲಗೈ ಕತ್ತರಿಸಿಕೊಂಡವನಿಗೆ ಆಮೇಲೆ ಗೊತ್ತಾಗುತ್ತದೆ, ಆ ಹುಡುಗ ತನ್ನದೇ ಮಗ ಡಂಕಣ ಎಂದು. ಹುಟ್ಟೂರಾದ ಕ್ರೀಡಾಪುರದಲ್ಲಿ ಚನ್ನಕೇಶವನಿಗೆ ಗುಡಿ ಕಟ್ಟು ಎಂದು ಕನಸಿನಲ್ಲಿ ಅಪ್ಪಣೆಯಾಗುತ್ತದೆ, ಗುಡಿ ಮುಗಿದ ಹೊತ್ತಿಗೆ ಕೈ ಮರಳಿ ಬರುತ್ತದೆ. ಆ ಕ್ರೀಡಾಪುರವೇ ಕೈದಾಳ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ.ಎಲ್. ರೈಸ್ ಇದನ್ನು ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟರು. 1964ರಲ್ಲಿ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಬಣ್ಣದ ಚಿತ್ರವಾಗಿ ತೆರೆಗೆ ಬಂದ ಮೇಲೆ ಕಥೆ ಮನೆಮನೆಯ ಮಾತಾಯಿತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಇದೇ ಹೆಸರು. ಇಷ್ಟು ಗಟ್ಟಿಯಾಗಿ ಬೇರೂರಿದ ಕಥೆಯಿಂದ ಊರಿಗೆ ಲಾಭವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದೇ ಕಥೆ ಕೈದಾಳದ ಗುಡಿಯನ್ನು ನಮ್ಮ ಕಣ್ಣಿಗೆ ಮರೆಮಾಡಿದೆ ಎಂಬುದು ನನ್ನ ವಾದ. ನಾವು ಅಲ್ಲಿ ಒಬ್ಬ ಮಹಾಶಿಲ್ಪಿಯ ಕೈಗುರುತು ಹುಡುಕುತ್ತೇವೆ. ಗುಡಿ ಮಾತ್ರ ಬೇರೆಯದೇ ಚರಿತ್ರೆ ಹೇಳುತ್ತದೆ. ಅದು ಒಬ್ಬ ಸ್ಥಳೀಯ ಸಾಮಂತನ ಮನೆತನದ್ದು, ಒಂದೇ ಊರಿನಲ್ಲಿ ಕೂಡಿ ಬಾಳಿದ ಹಲವು ಮತಗಳದ್ದು, ಈ ಸೀಮೆಯ ಕಲ್ಲಿನದು, ಆಮೇಲೆ ಬಂದ ಶತಮಾನಗಳು ಸೇರಿಸಿದ ಕೈಗಳದ್ದು.

ಮೊದಲು ಶಾಸನ. 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು. ಕೈದಾಳದ ಶಾಸನ ಅದರಲ್ಲಿದೆ. ಕಾಲ ಕ್ರಿ.ಶ. 1150–51, ಆಳುತ್ತಿದ್ದವನು ಹೊಯ್ಸಳ ಒಂದನೆಯ ನರಸಿಂಹ. ಕಟ್ಟಿಸಿದವನು ಮರುಗರೆನಾಡನ್ನು ಆಳುತ್ತಿದ್ದ ಸಾಮಂತ ಬಾಚಿ, ಗೂಳಿಬಾಚಿ ಎಂದೂ ಹೆಸರು. ಅವನು ತಂದೆಯ ನೆನಪಿಗೆ ಗಂಗೇಶ್ವರನ ಗುಡಿ ಕಟ್ಟಿಸಿದ, ನಾರಾಯಣನಿಗೆ ಒಂದು ಗುಡಿ ಕಟ್ಟಿಸಿದ, ಶಿವಾಲಯಗಳು ಇನ್ನೂ ಇದ್ದವು. ತೀರಿಕೊಂಡ ಹೆಂಡತಿ ಭೀಮಲೆಯ ಹೆಸರಿನಲ್ಲಿ ಭೀಮಜಿನಾಲಯವೆಂಬ ಬಸದಿಯನ್ನೂ ಎತ್ತಿಸಿದ. ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತ (ಜೈನ) ಎಂಬ ನಾಲ್ಕು ಸಮಯಗಳನ್ನೂ ಪೋಷಿಸಿದವನು ಎಂದು ಶಾಸನ ಅವನನ್ನು ಹೊಗಳುತ್ತದೆ. ಹನ್ನೆರಡನೆಯ ಶತಮಾನದ ನಡುವಿನಲ್ಲಿ, ತುಮಕೂರಿನ ಪಕ್ಕದ ಒಂದು ಹಳ್ಳಿಯಲ್ಲಿ, ಬೌದ್ಧರ ಹೆಸರನ್ನು ಬಿರುದಿನ ಸಾಲಿಗಾದರೂ ಸೇರಿಸುವ ಅಗತ್ಯ ಇತ್ತು ಎನ್ನುವುದೇ ಒಂದು ಸುದ್ದಿ. ಇಷ್ಟೊಂದು ಹೇಳುವ ಬರಹದಲ್ಲಿ ಶಿಲ್ಪಿಯ ಕಥೆ ಇಲ್ಲ, ಕಡಿದ ಕೈಯಿಲ್ಲ, ಮರಳಿ ಬಂದ ಕೈಯೂ ಇಲ್ಲ. ಐತಿಹ್ಯ ಹೆಸರಿಸುವ ನೃಪಹಯನೆಂಬ ರಾಜನೂ ಇಲ್ಲ. ಇರುವುದು ಒಂದು ಮನೆಯ ವ್ಯವಹಾರ: ಸತ್ತ ತಂದೆಗೆ ಶಿವಾಲಯ, ಸತ್ತ ಹೆಂಡತಿಗೆ ಬಸದಿ. ಆ ಕಾಲದ ಸಾಮಂತನೊಬ್ಬ ತನ್ನ ನಾಡಿನ ಜನರ ಎದುರು ದೊಡ್ಡವನೆನಿಸಿಕೊಳ್ಳುತ್ತಿದ್ದುದು ಹೀಗೆಯೇ. ಒಂದು ಪಂಗಡಕ್ಕೆ ಮಾತ್ರ ಕೊಟ್ಟರೆ ಸಾಲದು, ತೆರಿಗೆ ಕೊಡುವ ಎಲ್ಲರ ದೇವರಿಗೂ ಒಂದೊಂದು ನೆಲೆ ಮಾಡಿಕೊಡಬೇಕಿತ್ತು.

ಇನ್ನು ಜಕಣಾಚಾರಿ. ಹೊಯ್ಸಳ ಗುಡಿಗಳ ಒಂದು ವಿಶೇಷವೆಂದರೆ ಅಲ್ಲಿನ ರೂವಾರಿಗಳು, ಅಂದರೆ ಶಿಲ್ಪಿಗಳು, ನಾಚಿಕೆಯ ಜನರಲ್ಲ. ಮೂರ್ತಿಯ ಕಾಲಬುಡದಲ್ಲಿ, ಪೀಠದಲ್ಲಿ ತಮ್ಮ ಹೆಸರು ಕೆತ್ತುತ್ತಿದ್ದರು. ಕೆಲವರು ಹೆಸರಿನ ಜೊತೆ ಊರು, ತಂದೆ, ಬಿರುದು ಎಲ್ಲವನ್ನೂ ಸೇರಿಸುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಹಳೇಬೀಡಿನಲ್ಲಿ ಕೇದಾರೋಜ; ನುಗ್ಗೇಹಳ್ಳಿಯಲ್ಲಿ ಬೈಚೋಜ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ನಮ್ಮ ಜಿಲ್ಲೆಯದೇ ಆದ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚನ್ನಕೇಶವನ ಗುಡಿಯಲ್ಲಿ ಹೊನೋಜ ಎಂಬವನ ಹೆಸರಿದೆ. ಇಷ್ಟು ಹೆಸರುಗಳ ನಡುವೆ ಜಕಣಾಚಾರಿಯ ಸಹಿ ಮಾತ್ರ ಸಿಗುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಈ ಸಹಿಗಳನ್ನು ಒಂದೊಂದಾಗಿ ಓದಿ ಪ್ರಕಟಿಸಿದ ಮೇಲೆ, ಹೊಯ್ಸಳ ಗುಡಿಗಳನ್ನೆಲ್ಲ ಒಬ್ಬನ ಲೆಕ್ಕಕ್ಕೆ ಬರೆಯುವುದು ವಿದ್ವಾಂಸರಿಗೆ ಸಾಧ್ಯವಾಗದ ಮಾತಾಯಿತು. ಜನರ ಬಾಯಲ್ಲಿ ಅದು ಹಾಗೇ ಉಳಿಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಸುಲಭವಾದದ್ದಲ್ಲ. ಸಹಿ ಇಲ್ಲ ಅಂದ ಮಾತ್ರಕ್ಕೆ ಮನುಷ್ಯನೇ ಇರಲಿಲ್ಲ ಎನ್ನಬಹುದೇ? ಕಲ್ಲು ಕಡೆದ ಸಾವಿರಾರು ಜನ ಸಹಿ ಮಾಡದೆಯೇ ಹೋಗಿದ್ದಾರೆ. ಶಾಸನ ಬರೆಸಿದವನು ದುಡ್ಡು ಕೊಟ್ಟವನು, ಆದ್ದರಿಂದ ಅವನ ಹೆಸರಿದೆ. ಕಲ್ಲು ಕಡೆದವನ ನೆನಪನ್ನು ಜನ ಬಾಯಿಂದ ಬಾಯಿಗೆ ಉಳಿಸಿಕೊಂಡರು. ಈಗ ಶಾಸನದ ಮಾತು ಮೇಲು, ಜನರ ಮಾತು ಕೀಳು ಎನ್ನುವುದು ಉಳ್ಳವರ ಪರ ವಹಿಸಿದ ಹಾಗಲ್ಲವೇ? ಈ ಮಾತಿನಲ್ಲಿ ತೂಕವಿದೆ. ಆದರೆ ಕಥೆ ಉಳಿಸಿಕೊಂಡದ್ದು ಏನನ್ನು ಎಂದು ನೋಡಬೇಕು. ಅದು ಕೈದಾಳದಲ್ಲಿ ಕಲ್ಲು ಒಡೆದ ಕೂಲಿಯವರನ್ನಾಗಲಿ, ಗಾಡಿ ಹೊಡೆದವರನ್ನಾಗಲಿ ನೆನಪಿಟ್ಟುಕೊಂಡಿಲ್ಲ. ಬೇಲೂರಿನ ಕೀರ್ತಿಯನ್ನು ತಂದು ಕೈದಾಳಕ್ಕೆ ತೊಡಿಸಿದೆ. ದಾಸೋಜ, ಚಾವಣ, ಮಲ್ಲಿತಮ್ಮರಂಥ ನಿಜವಾದ ಕಸುಬುದಾರರ ದುಡಿಮೆಯನ್ನೂ ತೆಗೆದು ಒಬ್ಬನ ಖಾತೆಗೆ ಹಾಕಿದೆ. ಬಡವರ ಪರವಾಗಿ ಕಥೆ ನಿಂತಿದೆ ಎನ್ನುವುದಾದರೆ ಈ ಬಡವರ ಹೆಸರನ್ನು ನುಂಗಿದ್ದು ಯಾರು? ಕಥೆಯಲ್ಲಿ ಸತ್ಯದ ಎಳೆ ಒಂದಿದೆ, ಅದನ್ನು ಒಪ್ಪುತ್ತೇನೆ: ಕಸುಬು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು, ರೂವಾರಿಗಳು ಕೆಲಸ ಹುಡುಕಿಕೊಂಡು ದೂರದೂರದ ಊರುಗಳಿಗೆ ಹೋಗುತ್ತಿದ್ದರು. ದಾಸೋಜ–ಚಾವಣರೂ ಬಳ್ಳಿಗಾವೆಯಿಂದ ಬೇಲೂರಿಗೆ ಬಂದ ತಂದೆ-ಮಕ್ಕಳೇ.

ಒಬ್ಬ ಕಲಾವಿದನನ್ನು ಸೃಷ್ಟಿಸಿಕೊಳ್ಳುವ ಈ ಆಸೆ ನಮಗೆ ಮಾತ್ರ ಸೇರಿದ್ದಲ್ಲ. ಫ್ರಾನ್ಸಿನ ಒತುಂ ಎಂಬ ಊರಿನ ಚರ್ಚಿನ ಬಾಗಿಲ ಮೇಲೆ, ಕೈದಾಳದ ಶಾಸನಕ್ಕಿಂತ ಸುಮಾರು ಇಪ್ಪತ್ತು ವರ್ಷ ಮೊದಲು, ಕಡೆಯ ತೀರ್ಪಿನ ದಿನದ ದೊಡ್ಡ ಕೆತ್ತನೆ ಮಾಡಿದರು. ಅದರ ನಡುವೆ ಗಿಸ್ಲೆಬೆರ್ಟುಸ್ ಇದನ್ನು ಮಾಡಿದ ಎಂಬರ್ಥದ ಲ್ಯಾಟಿನ್ ಬರಹವಿದೆ. 1960ರ ಸುಮಾರಿಗೆ ಬಂದ ಒಂದು ಪುಸ್ತಕ ಅವನನ್ನು ಮಧ್ಯಯುಗದ ಮಹಾಶಿಲ್ಪಿಯ ಪಟ್ಟಕ್ಕೆ ಏರಿಸಿತು. 1999ರಲ್ಲಿ ಲಿಂಡಾ ಸೈಡೆಲ್ ಎಂಬ ಕಲಾ ಇತಿಹಾಸಕಾರ್ತಿ ಪ್ರಶ್ನೆ ಎತ್ತಿದರು: ಅದು ಶಿಲ್ಪಿಯ ಸಹಿಯೇ, ಅಥವಾ ಚರ್ಚಿಗೆ ಕೊಡುಗೆ ಕೊಟ್ಟ ಹಿಂದಿನ ದೊರೆಯೊಬ್ಬನ ಹೆಸರೇ? ವಾದ ಇನ್ನೂ ಮುಗಿದಿಲ್ಲ. ಅಲ್ಲಿ ಹೆಸರಿದೆ, ಅದು ಶಿಲ್ಪಿಯದೋ ದಾನಿಯದೋ ಎಂಬ ಅನುಮಾನವಿದೆ. ಕೈದಾಳದಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ದಾನಿ ತಾನೇ ಎದ್ದು ಹೆಸರು ಹೇಳುತ್ತಿದ್ದಾನೆ. ಆದರೂ ಅವನನ್ನು ಕೇಳಿದವರು ಕಡಿಮೆ.

ಶಾಸನವನ್ನು ಬದಿಗಿಟ್ಟು ಗುಡಿಯನ್ನೇ ನೋಡಿದರೂ ಉತ್ತರ ಅದೇ ದಿಕ್ಕಿಗೆ ಹೋಗುತ್ತದೆ. ಬೇಲೂರು, ಹಳೇಬೀಡು ನೋಡಿ ಕಣ್ಣು ಪಳಗಿದವರು ಕೈದಾಳಕ್ಕೆ ಬಂದರೆ ತಬ್ಬಿಬ್ಬಾಗುತ್ತಾರೆ. ನಕ್ಷತ್ರದಾಕಾರದ ಜಗತಿಯಿಲ್ಲ, ಆನೆ-ಕುದುರೆಗಳ ಪಟ್ಟಿಕೆಗಳಿಲ್ಲ, ಮದನಿಕೆಯರಿಲ್ಲ. ಚನ್ನಿಗರಾಯ ಎಂದು ಕರೆಯುವ ಈ ಚನ್ನಕೇಶವನ ಗುಡಿ ದ್ರಾವಿಡ ಮಾದರಿಯದು, ಅದರ ಹೊರಗೋಡೆ ಸಾದಾ. ಒಳಗೆ ಗರ್ಭಗುಡಿಯ ಮುಂದೆ ನಿಂತಾಗ ಮಾತ್ರ ಕೆಲಸದ ನಾಜೂಕು ಎದುರಾಗುತ್ತದೆ: ಎತ್ತರದ ಪೀಠದ ಮೇಲೆ ಸುಮಾರು ಐದೂವರೆ ಅಡಿಯ ಕೇಶವ, ಸುತ್ತ ತುಂಬು ಕೆತ್ತನೆಯ ಪ್ರಭಾವಳಿ. ಐತಿಹ್ಯವನ್ನು ನಂಬಿದವರಿಗೆ ಈ ಅಂತರ ಒಂದು ತೊಡಕು. ಬೇಲೂರಿನ ಶಿಲ್ಪಿ ಹುಟ್ಟೂರಿಗೆ ಬಂದು, ದೈವಾಜ್ಞೆಯಂತೆ, ಕೈ ಮರಳಿ ಪಡೆಯಲೆಂದು ಕಟ್ಟಿದ ಗುಡಿ ಇಷ್ಟು ಸಾದಾ ಏಕಿರಬೇಕು? ಕಥೆಯನ್ನು ಬಿಟ್ಟರೆ ತೊಡಕೂ ಬಿಡುತ್ತದೆ. ಇದು ರಾಜಧಾನಿಯ ಗುಡಿಯಲ್ಲ. ಕಟ್ಟಿಸಿದವನು ತನ್ನ ಶಕ್ತಿಗೆ ತಕ್ಕಂತೆ ಹಲವು ಗುಡಿಗಳಿಗೆ ದುಡ್ಡು ಹಂಚಿದ ಒಬ್ಬ ನಾಡಸಾಮಂತ. ಮೂರ್ತಿಗೆ ನುರಿತ ರೂವಾರಿಯ ಕೈ ಬೇಕು, ಅದನ್ನು ಎಲ್ಲಿಂದಲಾದರೂ ಕರೆಸಬಹುದು ಅಥವಾ ಕಡೆದ ಮೂರ್ತಿಯನ್ನೇ ತರಿಸಬಹುದು. ಗೋಡೆಗೆ ಬೇಕಾದದ್ದು ಹತ್ತಿರದ ಕಲ್ಲು, ಆ ಕಲ್ಲನ್ನು ಬಲ್ಲ ಕೈ.

ಕಲ್ಲಿನ ಮಾತು ಇಲ್ಲಿ ಬಹಳ ಮುಖ್ಯ, ನಮ್ಮ ಗುಡಿಗಳ ಬಗ್ಗೆ ಬರೆಯುವವರು ಅದನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಹೊಯ್ಸಳರ ಕುಸುರಿಗೆ ಬಳಪದ ಕಲ್ಲು ಬೇಕು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವ ಕಲ್ಲು ಅದು. ಉಳಿ ಹೇಳಿದ ಹಾಗೆ ಕೇಳುತ್ತದೆ. ತುಮಕೂರಿನ ಪೂರ್ವಕ್ಕೆ ದೇವರಾಯನದುರ್ಗ, ಉತ್ತರಕ್ಕೆ ಮಧುಗಿರಿಯ ಕಡೆ ಹಬ್ಬಿರುವುದು ಕಣಶಿಲೆ, ಅಂದರೆ ಗ್ರಾನೈಟ್. ಅದು ಉದ್ದನೆಯ ಚಪ್ಪಡಿಯಾಗಿ ಸೀಳುತ್ತದೆ, ಭಾರ ಹೊರುತ್ತದೆ, ಆದರೆ ಮುತ್ತಿನ ಸರವನ್ನು ಬಿಡಿಸಿ ತೋರಿಸುವಷ್ಟು ಸೂಕ್ಷ್ಮಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಪಶ್ಚಿಮಕ್ಕೆ ಗುಬ್ಬಿ, ಚಿಕ್ಕನಾಯಕನಹಳ್ಳಿಗಳ ಕಡೆ ಹೋದಂತೆ ನೆಲದ ಬಗೆಯೇ ಬದಲಾಗಿ, ಬಳಪದ ಕಲ್ಲು ಸಿಗುವಂಥ ಪದರುಕಲ್ಲಿನ ಪಟ್ಟಿ ಶುರುವಾಗುತ್ತದೆ. ತುರುವೇಕೆರೆ ಬಳಿಯ ಕರೇಕಲ್ಲು ಗುಡ್ಡದ ಕಪ್ಪು ಕಲ್ಲಂತೂ ಶ್ರೀರಂಗಪಟ್ಟಣದ ಗಂಜಾಮಿನ ಗುಂಬಜಿನ ನುಣುಪು ಕಂಬಗಳಾಗುವಷ್ಟು ಹೆಸರು ಮಾಡಿತ್ತು. ಈಗ ಜಿಲ್ಲೆಯ ಗುಡಿಗಳನ್ನು ಈ ನೆಲದ ಮೇಲೆ ಇಟ್ಟು ನೋಡಿ. ಕುಸುರಿ ಕೆಲಸದ ಹೊಯ್ಸಳ ಗುಡಿಗಳು ಬಹುಮಟ್ಟಿಗೆ ಪಶ್ಚಿಮದಲ್ಲಿವೆ: ಅರಳಗುಪ್ಪೆ, 1263ರ ಕಾಲದ ತುರುವೇಕೆರೆಯ ಚನ್ನಿಗರಾಯ, ನಾಗಲಾಪುರ, ವಿಘ್ನಸಂತೆ. ಗುಬ್ಬಿ ದಾಟಿ ತಿಪಟೂರು ಕಡೆಗೆ ಹೋಗುವಾಗ ಸಿಗುವ ನಿಟ್ಟೂರಿನ ಶಾಂತೀಶ್ವರ ಬಸದಿ ಇದೇ ಹನ್ನೆರಡನೆಯ ಶತಮಾನದ ನಡುವಿನದು, ಹೆಚ್ಚುಕಡಿಮೆ ಕೈದಾಳದ ತಲೆಮಾರಿನದೇ. ಆದರೂ ಅದು ಹೊಯ್ಸಳ ಮಾದರಿಯಲ್ಲಿದೆ. ಅದರ ಹೊರಗೋಡೆಯಲ್ಲಿ ಕುಳಿತ, ನಿಂತ ಜಿನರ ಮೂರ್ತಿಗಳಿವೆ, ಕೆಲವು ಪೂರ್ತಿಯಾಗದೆ ಉಳಿದಿವೆ, ನವರಂಗದ ಛಾವಣಿಯಲ್ಲಿ ಅಷ್ಟದಿಕ್ಪಾಲಕರಿದ್ದಾರೆ. ಒಂದೇ ಅರಸು, ಒಂದೇ ಕಾಲ, ನಡುವೆ ಒಂದು ದಿನದ ಗಾಡಿಯ ದಾರಿ. ಎರಡು ಕಟ್ಟಡಗಳ ಭಾಷೆ ಮಾತ್ರ ಬೇರೆ. ಅರಮನೆಯ ಶೈಲಿ ಮೇಲಿನಿಂದ ಹಳ್ಳಿಗೆ ಇಳಿಯುತ್ತದೆ ಎಂಬ ಪಠ್ಯಪುಸ್ತಕದ ವಿವರಣೆ ಇಲ್ಲಿ ಸೋಲುತ್ತದೆ. ಹಳ್ಳಿಯ ಗುಡಿಯ ರೂಪವನ್ನು ತೀರ್ಮಾನಿಸಿದ್ದು ಕಟ್ಟಿಸಿದವನ ಕೈಗೆ ಯಾವ ಕಲ್ಲು, ಯಾವ ಕಸುಬುದಾರರು, ಎಷ್ಟು ಹಣ ಸಿಕ್ಕಿತು ಎಂಬುದು.

ಎರಡನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಕೊಡಲಿ ಇಡುವಂಥದು. ಗುಡಿ ದ್ರಾವಿಡ ಮಾದರಿಯದು, ಮಹಾದ್ವಾರದಂಥ ಭಾಗಗಳಂತೂ ಹೊಯ್ಸಳರ ಪದ್ಧತಿಯವೇ ಅಲ್ಲ. ಹಾಗಾದರೆ ಈಗ ಕಾಣುವುದರಲ್ಲಿ ಬಹುಪಾಲು ಬಾಚಿಯ ಕಾಲಕ್ಕಿಂತ ಆಮೇಲಿನದು ಎಂದಾಗುವುದಿಲ್ಲವೇ? ಜಕಣಾಚಾರಿಯನ್ನು ಇಳಿಸಿದ ಪೀಠದ ಮೇಲೆ ಬಾಚಿಯನ್ನು ಕೂರಿಸಿದರೆ ತಪ್ಪು ಅದೇ ಅಲ್ಲವೇ? ಹೌದು, ಬಾಚಿಯನ್ನು ಇನ್ನೊಬ್ಬ ಜಕಣಾಚಾರಿ ಮಾಡಿದರೆ ತಪ್ಪು ಅದೇ. ಅವನು ಮೊದಲ ಪದರ, ಅಷ್ಟೇ. ಹಳ್ಳಿ ಗುಡಿಗೆ ಹುಟ್ಟಿದ ದಿನ ಎಂಬುದೊಂದಿದ್ದರೂ ಅದು ಅಲ್ಲಿಗೇ ನಿಲ್ಲುವುದಿಲ್ಲ. ಇದೇ ಸೀಮೆಯಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ ಕುಣಿಗಲ್ ತಾಲ್ಲೂಕಿನ ಎಡೆಯೂರು. ಅಲ್ಲಿ ಮೊದಲು ಇದ್ದದ್ದು ತೋಂಟದ ಸಿದ್ಧಲಿಂಗರ ಸಮಾಧಿ. ಅದರ ಸುತ್ತ ಗುಡಿ ಬೆಳೆಯಿತು, ಪ್ರಾಕಾರ ಬಂತು, ಗೋಪುರ ಬಂತು, ತೇರು ಬಂತು, ಯಾತ್ರಿಕರಿಗೆ ದಾಸೋಹದ ಮನೆಗಳು ಬಂದವು. ಅವರ ಗುರು ಎಂದು ಪರಂಪರೆ ಹೇಳುವ ಗೋಸಲ ಚನ್ನಬಸವೇಶ್ವರರ ಗುಬ್ಬಿಯ ಸನ್ನಿಧಿಯೂ ಹೀಗೆ ಗದ್ದುಗೆಯ ಸುತ್ತ ಬೆಳೆದದ್ದೇ. ಎಡೆಯೂರಿನ ಗುಡಿ ಯಾರು ಕಟ್ಟಿದ್ದು ಎಂದು ಕೇಳಿದರೆ ಒಂದು ಹೆಸರು ಹೇಳಲಾಗುವುದಿಲ್ಲ, ಹೇಳಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ. ಕೈದಾಳದ ವಿಷಯದಲ್ಲಿ ಮಾತ್ರ ಒಂದೇ ಹೆಸರು ಬೇಕೆಂದು ಹಟ ಹಿಡಿಯುವುದು ಕಥೆ ಕಲಿಸಿದ ಅಭ್ಯಾಸ. ಹೊಯ್ಸಳರ ಕಾಲದ ಶಾಸನ, ಅದೇ ಕಾಲಕ್ಕೆ ಹೊಂದುವ ಮೂರ್ತಿ, ಆಮೇಲಿನ ದ್ವಾರ, ಸಡಿಲವಾದದ್ದನ್ನು ಮತ್ತೆ ಜೋಡಿಸಿದ ಗೋಡೆ, ಇವನ್ನು ಬೇರೆಬೇರೆಯಾಗಿ ಓದಿದರೆ ಒಂದರ ಸಾಕ್ಷಿ ಇನ್ನೊಂದನ್ನು ಅಳಿಸಬೇಕಾಗಿಲ್ಲ. ರೈಸ್ ತಮ್ಮ ಕಾಲದಲ್ಲಿ ಇಲ್ಲಿ ಎರಡು ಗುಡಿಗಳ ಅವಶೇಷ ಎಂದು ಬರೆದರು, ಗಂಗಾಧರೇಶ್ವರ ಮತ್ತು ಚನ್ನಿಗರಾಯ. ಅವಶೇಷ ಎನಿಸಿಕೊಂಡದ್ದು ಇವತ್ತು ಪೂಜೆಗೆ ನಿಂತಿದೆ ಎಂದರೆ ನಡುವೆ ಯಾರೋ ಎತ್ತಿ ನಿಲ್ಲಿಸಿದ್ದಾರೆ. ಅವರೂ ಕಟ್ಟಿದವರೇ.

ಫ್ರಾನ್ಸಿನ ಹಳ್ಳಿ ಚರ್ಚುಗಳ ಚರಿತ್ರೆ ಬರೆಯುವವರು ಈ ಬಗೆಯ ಓದಿಗೆ ಚೆನ್ನಾಗಿ ಪಳಗಿದ್ದಾರೆ. ಸಾಧಾರಣ ಹಳ್ಳಿಯೊಂದರ ಚರ್ಚಿನಲ್ಲಿ ಗುಂಡು ಕಮಾನಿನ ಸಭಾಂಗಣ ಹನ್ನೆರಡನೆಯ ಶತಮಾನದ್ದು, ಮೊನಚು ಕಮಾನಿನ ಪೂಜಾಭಾಗ ಆಮೇಲಿನದು. ನೂರು ವರ್ಷಗಳ ಯುದ್ಧದಲ್ಲಿ ಹಾಳಾದ ಮಾಡನ್ನು ಹದಿನೈದನೆಯ ಶತಮಾನದಲ್ಲಿ ಮತ್ತೆ ಹೊದಿಸಿರುತ್ತಾರೆ. ಗಂಟೆಗಳನ್ನು 1789ರ ಕ್ರಾಂತಿಯ ನಂತರ ಇಳಿಸಿ ಕರಗಿಸಿರುತ್ತಾರೆ. ಅಲ್ಲಿ ಯಾರೂ ಒಬ್ಬ ಶಿಲ್ಪಿಯನ್ನು ಹುಡುಕುವುದಿಲ್ಲ. ಗೋಡೆಯಲ್ಲಿ ಗಾರೆಯ ಬಣ್ಣ ಎಲ್ಲಿ ಬದಲಾಯಿತು, ಕಿಟಕಿಯನ್ನು ಯಾವಾಗ ಮುಚ್ಚಿದರು ಎಂದು ಹುಡುಕುತ್ತಾರೆ. 1905ರ ಕಾನೂನು ಸರ್ಕಾರವನ್ನೂ ಚರ್ಚನ್ನೂ ಬೇರ್ಪಡಿಸಿದ ಮೇಲೆ, ಅದಕ್ಕಿಂತ ಹಿಂದಿನ ಹಳ್ಳಿ ಚರ್ಚುಗಳ ಕಟ್ಟಡ ಬಹುತೇಕ ಊರಿನ ಪಂಚಾಯಿತಿಯ ಆಸ್ತಿ. ಪೂಜೆ ಭಕ್ತರದು, ಮಾಡು ಸೋರಿದರೆ ಖರ್ಚು ಊರಿನದು. ಸಣ್ಣ ಹಳ್ಳಿಗಳಿಗೆ ಅದು ಹೊರಲಾರದ ಹೊರೆಯೂ ಆಗಿದೆ. ಕೆಡಿಸಿದ ಉದಾಹರಣೆಗಳೂ ಅಲ್ಲಿ ಬೇಕಾದಷ್ಟಿವೆ. ಒತುಂನ ಪಾದ್ರಿಗಳು 1766ರಲ್ಲಿ ಅದೇ ಪ್ರಸಿದ್ಧ ಕೆತ್ತನೆ ಹಳೆಗಾಲದ್ದೆಂದು ಬೇಸತ್ತು ಅದರ ಮೇಲೆ ಗಾರೆ ಮೆತ್ತಿಸಿಬಿಟ್ಟರು. 1837ರಲ್ಲಿ ಗಾರೆ ಕೀಳುವ ತನಕ ಅದು ಒಳಗೇ ಇತ್ತು. ವಿಚಿತ್ರವೆಂದರೆ ಕ್ರಾಂತಿಯ ದಿನಗಳಲ್ಲಿ ಅದನ್ನು ಉಳಿಸಿದ್ದೂ ಆ ಗಾರೆಯೇ.

ನಮ್ಮಲ್ಲಿ ಹಳ್ಳಿ ಗುಡಿಗಳಿಗೆ ಬರುವ ಅಪಾಯ ಬೇಸರದಿಂದಲ್ಲ, ಭಕ್ತಿಯಿಂದ. ಜೀರ್ಣೋದ್ಧಾರವೆಂದರೆ ನೆಲಕ್ಕೆ ಹೊಳೆಯುವ ಟೈಲ್ಸ್, ಕಂಬಕ್ಕೆ ಎಣ್ಣೆ ಬಣ್ಣ, ಕಲ್ಲುಸಂದಿಗೆ ಸಿಮೆಂಟು, ಮುಂದೆ ತಗಡಿನ ಚಪ್ಪರ. ಕಲ್ಲುಗೋಡೆಯ ಸಂದಿಯನ್ನು ಸಿಮೆಂಟಿನಿಂದ ಬಿಗಿದರೆ ಒಳಗಿನ ತೇವ ಹೊರಬರಲು ದಾರಿ ಸಿಗದೆ ಕಲ್ಲಿನ ಮೂಲಕವೇ ಹಾಯುತ್ತದೆ, ಉಪ್ಪು ಮೇಲೆ ಬಂದು ಪದರ ಉದುರುತ್ತದೆ. ಸುಣ್ಣದ ಗಾರೆ ಉಸಿರಾಡುತ್ತಿತ್ತು, ಸವೆಯುವುದಾದರೆ ತಾನು ಸವೆದು ಕಲ್ಲನ್ನು ಉಳಿಸುತ್ತಿತ್ತು. ಇಷ್ಟೇ ಅಲ್ಲ. ಬೇರೆಬೇರೆ ಕಾಲದ ಕಲ್ಲುಗಳಿಗೆ ಒಂದೇ ಬಣ್ಣ ಬಳಿದಾಗ ಯಾವ ಕಲ್ಲು ಎಲ್ಲಿಂದ ಬಂತೆಂಬ ಗುರುತು ಹೋಗುತ್ತದೆ. ಮಹಾಶಿಲ್ಪಿಯ ಕಥೆ ಇಲ್ಲಿ ನೇರವಾಗಿ ಹಾನಿ ಮಾಡುತ್ತದೆ ಎಂದು ನನಗನಿಸುವುದು ಇದಕ್ಕೇ. ಮೂರ್ತಿಯೊಂದೇ ಅವನ ಕೈಕೆಲಸ ಎಂದು ನಂಬಿದ ಮೇಲೆ, ಉಳಿದ ಗೋಡೆ, ನೆಲ, ಬಾಗಿಲವಾಡ ಎಲ್ಲ ಬರಿಯ ಹೊದಿಕೆಯಾಗುತ್ತವೆ. ಹೊದಿಕೆಯನ್ನು ಬದಲಾಯಿಸಿದರೆ ಏನು ನಷ್ಟ?

ಕೊನೆಯ ಆಕ್ಷೇಪ ಭಕ್ತರದು, ಅದಕ್ಕೆ ಸಡ್ಡು ಹೊಡೆದು ಗೆಲ್ಲುವ ಆಸೆ ನನಗಿಲ್ಲ. ಗುಡಿ ವಸ್ತುಸಂಗ್ರಹಾಲಯವಲ್ಲ, ಪೂಜೆ ನಡೆಯುವ ಜಾಗ. ಸೋರಿದರೆ ಮುಚ್ಚಲೇಬೇಕು, ಕತ್ತಲೆಯಾದರೆ ದೀಪ ಹಾಕಲೇಬೇಕು. ಪಕ್ಕದ ಗೂಳೂರಿನಲ್ಲಿ ಪ್ರತಿವರ್ಷ ಆಳೆತ್ತರ ಮೀರಿದ ಮಣ್ಣಿನ ಗಣಪನನ್ನು ಮಾಡಿ, ಕಾರ್ತಿಕದ ತನಕ ಪೂಜಿಸಿ, ಕೆರೆಗೆ ಬಿಡುತ್ತಾರೆ; ಮೂರ್ತಿ ಉಳಿಯಬೇಕೆಂಬ ಹಟವೇ ಆ ಭಕ್ತಿಗಿಲ್ಲ. ಹೊಸದು ಮಾಡುವುದೂ ಒಂದು ಸಂಪ್ರದಾಯ ಎಂದು ಯಾರಾದರೂ ಹೇಳಿದರೆ ಈ ಸೀಮೆಯಲ್ಲಿ ಅದಕ್ಕೆ ಸಾಕ್ಷಿ ಸಿಗುತ್ತದೆ. ಆದರೆ ಬಾಚಿ ಮಣ್ಣಿನಲ್ಲಿ ಮಾಡಲಿಲ್ಲ. ಕಲ್ಲಿನಲ್ಲಿ ಕಟ್ಟಿಸಿದ, ಕಲ್ಲಿನಲ್ಲಿ ಬರೆಸಿದ, ದಾನವನ್ನು ಅಳಿಸಿದವರಿಗೆ ಪಾಪ ತಟ್ಟುತ್ತದೆಂದು ಎಚ್ಚರಿಸಿ ಬರೆಸುವ ಕಾಲದಲ್ಲಿ ಬದುಕಿದವನು ಅವನು. ಆ ಮಾತನ್ನು ಗೌರವಿಸಲು ಪೂಜೆ ನಿಲ್ಲಿಸಬೇಕಾಗಿಲ್ಲ. ಕೈ ಹಾಕುವ ಮೊದಲು ಪ್ರತಿ ಗೋಡೆಯ ಚಿತ್ರ ತೆಗೆದು, ಅಳತೆ ಹಿಡಿದು, ಬಿಡಿಸಿದ ಕಲ್ಲಿಗೆ ಸಂಖ್ಯೆ ಹಾಕಿ, ಸುಣ್ಣದ ಗಾರೆಯಲ್ಲೇ ಕೂರಿಸಿದರೆ ಸಾಕು. ಇದು ಖರ್ಚಿನ ಮಾತಿಗಿಂತ ಶಿಸ್ತಿನ ಮಾತು.

ಆ ಶಿಸ್ತಿಗೊಂದು ಗಟ್ಟಿ ಕಾರಣವೂ ಇದೆ. ಶಾಸನದಲ್ಲಿ ಹಲವು ಗುಡಿಗಳೂ ಒಂದು ಬಸದಿಯೂ ಇವೆ. ರೈಸ್ ಕಾಲಕ್ಕೆ ಹೆಸರಿಗೆ ಉಳಿದದ್ದು ಎರಡು. ಉಳಿದವುಗಳ ಕಲ್ಲು ಎಲ್ಲಿ ಹೋಯಿತು? ಕಡಿದು ಹದಮಾಡಿದ ಕಲ್ಲನ್ನು ಹಳ್ಳಿಯಲ್ಲಿ ಯಾರೂ ಬಿಸಾಡುವುದಿಲ್ಲ. ಅದು ಇನ್ನೊಂದು ಗುಡಿಯ ತಳಪಾಯಕ್ಕೆ, ಕೆರೆಯ ತೂಬಿಗೆ, ಬಾವಿಯ ಕಟ್ಟೆಗೆ, ಮನೆಯ ಹೊಸ್ತಿಲಿಗೆ ಸೇರಿರುತ್ತದೆ. ಭೀಮಲೆಯ ಬಸದಿಯ ಒಂದು ಕಂಬ, ಜಿನನ ಮುಕ್ಕೊಡೆ ಇರುವ ಒಂದು ತುಂಡು, ಚನ್ನಿಗರಾಯನ ಗೋಡೆಯೊಳಗೇ ಇರಬಾರದೆಂದಿಲ್ಲ. ಸಿಮೆಂಟು ಮೆತ್ತುವ ಮೊದಲು ನೋಡಿದರೆ ಮಾತ್ರ ಅದು ಕಣ್ಣಿಗೆ ಬಿದ್ದೀತು.